ಸದ್ದು ತೆಗೆದು ನೋಡಬೇಕಾದ ವಿಡಿಯೊ: ಪತ್ರಿಕೋದ್ಯಮ ವಿದ್ಯಾರ್ಥಿನಿಯ ಪ್ರಕರಣ

ಕೊಡಗಿನಲ್ಲಿ ಒಬ್ಬರ ಗುರುತು ಮರೆಮಾಡಲು ಹೆಸರು ಬದಲಿಸಿದರೆ ಸಾಲದು. ಮನೆಹೆಸರು ಹೇಳಿದರೆ ಊರು ತಿಳಿಯುತ್ತದೆ, ಊರು ಹೇಳಿದರೆ ಅಲ್ಲಿಂದ ಪತ್ರಿಕೋದ್ಯಮ ಓದಲು ಹೋದ ಹುಡುಗಿ ಯಾರೆಂದು ಅಂಗಡಿಯವರೂ ಹೇಳಿಬಿಡುತ್ತಾರೆ. ಹಾಗಾಗಿ ಇಲ್ಲಿ ಊರು, ಕಾಲೇಜು, ಮನೆಯವರ ಕಸುಬು ಎಲ್ಲವನ್ನೂ ಬದಲಿಸಿದೆ ಅಥವಾ ಬಿಟ್ಟಿದೆ. ಬರಹವನ್ನು ವಿದ್ಯಾರ್ಥಿನಿ ಓದಿ ಒಪ್ಪಿದ್ದಾಳೆ. ಅವಳನ್ನು ರಮ್ಯಾ ಎನ್ನೋಣ.

ರಮ್ಯಾಗೆ 20 ವರ್ಷ, ಪದವಿಯ ಕೊನೆಯ ವರ್ಷ. 2024ರ ಆಗಸ್ಟ್ ಮೂರನೇ ವಾರದಲ್ಲಿ ತಾಯಿಯೊಂದಿಗೆ ಆಪ್ತಸಮಾಲೋಚನೆಗೆ ನಮ್ಮಲ್ಲಿ ಬಂದಳು. ತಾಯಿಯ ದೂರು ಇದು: "ರಾತ್ರಿಯೆಲ್ಲ ಮೊಬೈಲ್ ಹಿಡ್ಕೊಂಡಿರ್ತಾಳೆ ಮೇಡಂ. ಮಳೆ ಜೋರಾದ್ರೆ ಎದ್ದು ಕೂತ್ಕೊಳ್ತಾಳೆ. ಈ ಕೋರ್ಸೇ ಬಿಡಿಸೋಣ ಅಂತಾರೆ ಅವಳಪ್ಪ." ಮಗಳ ದೂರು ಬೇರೆಯೇ ಇತ್ತು. ತರಗತಿಯಲ್ಲಿ ಎಲ್ಲರೂ ಮುಗಿಸಿದ ಅಸೈನ್‌ಮೆಂಟ್ ತನ್ನಿಂದ ಆಗುತ್ತಿಲ್ಲ, ಫೋಲ್ಡರ್ ತೆರೆದರೆ ಕೈ ತಣ್ಣಗಾಗುತ್ತದೆ, ಹೊಟ್ಟೆ ತೊಳಸುತ್ತದೆ. ಟಿವಿಯ ನಿರೂಪಕರ ಮೇಲೆ ಸಿಟ್ಟು ಬಂದು ಮನೆಯವರ ಮೇಲೆ ಕೂಗಾಡಿದ್ದಾಳೆ. "ಇಷ್ಟಕ್ಕೇ ಹೀಗಾದ್ರೆ ನಾನು ರಿಪೋರ್ಟರ್ ಆಗೋದು ಹೇಗೆ?" ಎಂಬುದು ಅವಳ ಪ್ರಶ್ನೆ.

ಆ ಅಸೈನ್‌ಮೆಂಟ್ ಏನೆಂದು ನೋಡಬೇಕು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಭೂಕುಸಿತದಲ್ಲಿ ಮಣ್ಣುಪಾಲಾದವು. ನಮ್ಮ ಗಡಿಯ ಕುಟ್ಟ ದಾಟಿದರೆ ಕೇರಳದ ವಯನಾಡು. ಆ ವಾರ ಕೊಡಗಿನ ಪ್ರತಿ ಮೊಬೈಲಿಗೂ ವಿಡಿಯೊಗಳು ಬಂದವು; ಅವುಗಳಲ್ಲಿ ಬೇರೆ ಊರಿನ, ಬೇರೆ ವರ್ಷದ ತುಣುಕುಗಳೂ ಸೇರಿದ್ದವು. ಸತ್ಯಶೋಧನೆ (ಫ್ಯಾಕ್ಟ್‌ಚೆಕ್) ಕಲಿಸುವ ಪಠ್ಯಕ್ಕೆ ಇದು ಒಳ್ಳೆಯ ವಿಷಯವೇ. ವಿದ್ಯಾರ್ಥಿಗಳಿಗೆ ತಲಾ 12 ವಿಡಿಯೊ ಕೊಟ್ಟು, ಯಾವಾಗಿನದು, ಎಲ್ಲಿಯದು, ಮೊದಲು ಹಾಕಿದವರು ಯಾರು ಎಂದು ಪತ್ತೆ ಮಾಡಲು ಹೇಳಿದ್ದರು. ಜೊತೆಗೆ ದಿನವೂ ಸುದ್ದಿ ದಿನಚರಿ ಬರೆಯಬೇಕು. ಸೆಮಿಸ್ಟರ್ ಮುಗಿಯುವುದರೊಳಗೆ ಕೊಡಗಿನ 2018ರ ಭೂಕುಸಿತದ ಸಂತ್ರಸ್ತರನ್ನು ಮಾತನಾಡಿಸಿ 800 ಪದಗಳ ವರದಿ ಕೊಡಬೇಕು.

ರಮ್ಯಾ ತಾನೇ 2018ರ ಸಂತ್ರಸ್ತರಲ್ಲಿ ಒಬ್ಬಳು ಎಂಬುದು ಉಪನ್ಯಾಸಕರಿಗೆ ಗೊತ್ತಿರಲಿಲ್ಲ. ಅವಳು ಹೇಳಿರಲಿಲ್ಲ. ಆ ಆಗಸ್ಟಿನ ಒಂದು ರಾತ್ರಿ ಮನೆಯ ಹಿಂದಿನ ಬರೆ (ಗುಡ್ಡದ ಕಡಿದಾದ ಮಣ್ಣಿನ ಅಂಚು) ಕುಸಿದು ಅಡುಗೆಮನೆಯ ಗೋಡೆ ಹೋಗಿತ್ತು. ಉಟ್ಟ ಬಟ್ಟೆಯಲ್ಲಿ ಹೊರಬಿದ್ದು ಮೂರು ವಾರ ಪರಿಹಾರ ಕೇಂದ್ರದಲ್ಲಿದ್ದರು. ಅವಳಿಗಾಗ 14 ವರ್ಷ. ಜೀವಹಾನಿ ಆಗಿರಲಿಲ್ಲ. ಅದಕ್ಕೇ "ನಮಗೇನೂ ಆಗ್ಲಿಲ್ಲ, ಮಕ್ಕಂದೂರು, ಜೋಡುಪಾಲದ ಕಡೆಯವರಿಗೆ ಆದದ್ದು ದೊಡ್ಡದು" ಎಂದು ಆ ಮನೆಯಲ್ಲಿ ಆ ಮಾತನ್ನೇ ಎತ್ತುತ್ತಿರಲಿಲ್ಲ. ಮರುವರ್ಷದ ಆಗಸ್ಟಿನಲ್ಲಿ ತೋರದಲ್ಲಿ, 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿ ಗುಡ್ಡ ಕುಸಿಯಿತು. ಹೀಗೆ ವರ್ಷ ವರ್ಷವೂ ಅದೇ ತಿಂಗಳು ಬಂದಾಗ ಈ ಜಿಲ್ಲೆಯ ಹದಿಹರೆಯದ ಮಕ್ಕಳು ಏನನ್ನು ಒಳಗಿಟ್ಟುಕೊಂಡು ಬೆಳೆದಿದ್ದಾರೆ ಎಂದು ಕೇಳಿದವರು ಕಡಿಮೆ.

ಮೊದಲ ಭೇಟಿಯಲ್ಲಿ ಎರಡು ಪ್ರಶ್ನಾವಳಿ ತುಂಬಿಸಿಕೊಂಡೆವು. ಆತಂಕ ಅಳೆಯುವ ಜಿಎಡಿ-7ರಲ್ಲಿ 21ಕ್ಕೆ 13, ಖಿನ್ನತೆಯ ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 9. ಜಿಎಡಿಯಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನಷ್ಟು ಕೂಲಂಕಷವಾಗಿ ನೋಡಬೇಕು. ಪಿಎಚ್‌ಕ್ಯೂವಿನ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ಸೊನ್ನೆ ಹಾಕಿದ್ದರೂ ಬಾಯಿಬಿಟ್ಟು ಕೇಳಲೇಬೇಕು, ಕೇಳಿದೆವು. ಅಂಥ ಯೋಚನೆ ಇರಲಿಲ್ಲ. ಇದ್ದಿದ್ದರೆ ಅದೇ ದಿನ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕಳಿಸುವುದು ಕ್ರಮ.

ಆಮೇಲೆ ಒಂದು ವಾರದ ಲೆಕ್ಕ ಬರೆಯಲು ಹೇಳಿದೆವು. ಸುದ್ದಿ ನೋಡಿದಾಗಲೆಲ್ಲ ನಾಲ್ಕು ಕಲಂ: ಎಷ್ಟು ಹೊತ್ತಿಗೆ, ಎಲ್ಲಿ ನೋಡಿದ್ದು, ಯಾಕೆ, ಆಗ ಮೈಗೆ ಏನಾಯಿತು. ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಇಲ್ಲೂ ಆಯಿತು. ಮೊಬೈಲ್ ಮಾತ್ರ ಬರೆದಿದ್ದಳು. ಹಾಲ್‌ನಲ್ಲಿ ಸಂಜೆ ಆರರಿಂದ ಹತ್ತರವರೆಗೆ ಓಡುವ ಟಿವಿ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಅದನ್ನೂ ಸೇರಿಸಿದಾಗ ದಿನಕ್ಕೆ ಸರಾಸರಿ ಆರೂವರೆ ಗಂಟೆ. "ಯಾಕೆ" ಎಂಬ ಕಲಂನಲ್ಲಿ ಅಸೈನ್‌ಮೆಂಟ್ ಎಂದು ಬರೆದದ್ದು 55 ನಿಮಿಷ. ಉಳಿದ ಕಡೆಯೆಲ್ಲ "ಸುಮ್ಮನೆ" ಅಥವಾ "ಭಯಕ್ಕೆ". ಅವಳನ್ನು ದಣಿಸಿದ್ದು ಓದಲ್ಲ ಎಂಬುದು ಆ ಹಾಳೆಯಲ್ಲೇ ಕಂಡಿತು. ಅಪ್ಪನಿಗೂ ಅದನ್ನೇ ತೋರಿಸಿದೆವು. ಕೋರ್ಸ್ ಬಿಡಿಸುವ ಮಾತು ಅಲ್ಲಿಗೆ ನಿಂತಿತು.

2013ರ ಬೋಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು ಇಲ್ಲಿ ನೆನಪಿಡತಕ್ಕದ್ದು. ಸ್ಫೋಟದ ಮರುವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಅದರ ಸುದ್ದಿ ನೋಡಿದವರಲ್ಲಿ ಕಂಡ ತೀವ್ರ ಒತ್ತಡ, ಸ್ಥಳದಲ್ಲೇ ಇದ್ದವರದ್ದಕ್ಕಿಂತ ಹೆಚ್ಚಾಗಿತ್ತು. ನೋಡಿದ್ದರಿಂದಲೇ ಒತ್ತಡ ಬಂತೆಂದು ಅದರಿಂದ ಸಾಬೀತಾಗುವುದಿಲ್ಲ, ಭಯ ಇದ್ದವರೇ ಹೆಚ್ಚು ನೋಡಿರಲೂಬಹುದು. ರಮ್ಯಾಳ ಹಾಳೆಯಲ್ಲಿ ಎರಡೂ ಇತ್ತು: ಭಯಕ್ಕೆ ನೋಡುವುದು, ನೋಡಿ ಮತ್ತೆ ಭಯಪಡುವುದು.

ಎರಡನೇ ಭೇಟಿಯಲ್ಲಿ ನಾಲ್ಕನೇ ಕಲಂ ಓದುತ್ತಾ ಹೋದಾಗ ನಿಜವಾದ ಗಂಟು ಸಿಕ್ಕಿತು. ದೇಹ ಹುಡುಕುವ ದೃಶ್ಯ, ಅಳುವವರ ದೃಶ್ಯ ನೋಡಿದಾಗ ಅವಳು "ಬೇಜಾರು" ಎಂದು ಬರೆದಿದ್ದಳು. ಮನುಷ್ಯರೇ ಕಾಣದ, ಬರೀ ಕೆಸರುನೀರು ನುಗ್ಗುವ ಮೂರು ವಿಡಿಯೊಗಳ ಮುಂದೆ "ಕೈ ತಣ್ಣಗೆ, ಎದೆ ಹೊಡೆತ, ಎದ್ದು ಹೋದೆ" ಎಂದಿತ್ತು. ಆ ಮೂರರಲ್ಲೂ ಬಂಡೆ ಉರುಳುವ ಗುಡುಗಿನಂಥ ಸದ್ದಿತ್ತು. ಅವಳು 14ರ ವಯಸ್ಸಿನಲ್ಲಿ ಕತ್ತಲೆಯಲ್ಲಿ, ಕರೆಂಟಿಲ್ಲದ ಮನೆಯಲ್ಲಿ, ಕಣ್ಣಿಗೆ ಏನೂ ಕಾಣದೆ ಕೇಳಿದ್ದು ಆ ಸದ್ದನ್ನೇ. ಮನಸ್ಸಿನಲ್ಲಿ ಉಳಿದದ್ದು ಚಿತ್ರವಲ್ಲ, ಶಬ್ದ. ಇದನ್ನು ಕೇಳದೆ "ಭೀಕರ ದೃಶ್ಯ ನೋಡಬೇಡ" ಎಂದು ಸಲಹೆ ಕೊಟ್ಟಿದ್ದರೆ ಏನೂ ಉಪಯೋಗವಾಗುತ್ತಿರಲಿಲ್ಲ.

ಹೀಗಾಗಿ ಮೊದಲ ಸೂಚನೆ ಬಹಳ ಸಣ್ಣದು: ಪರಿಶೀಲನೆಗೆ ತೆರೆಯುವ ಪ್ರತಿ ವಿಡಿಯೊ ಮೊದಲು ಮ್ಯೂಟ್. ಮೊಬೈಲ್ ಬಿಟ್ಟು ಕಾಲೇಜಿನ ಕಂಪ್ಯೂಟರಿನಲ್ಲಿ, ಕಿಟಕಿಯನ್ನು ಪರದೆಯ ಕಾಲುಭಾಗಕ್ಕೆ ಇಳಿಸಿ ನೋಡುವುದು. ತಾನಾಗಿ ಮತ್ತೆ ಮತ್ತೆ ಓಡುವ ಆಯ್ಕೆ ಬಂದ್. ಬೇಕೆನಿಸಿದರೆ ಬಣ್ಣ ತೆಗೆದು ಕಪ್ಪುಬಿಳುಪು ಮಾಡುವುದು. ಓಡಿಸುವ ಮೊದಲು ಸ್ಥಿರಚಿತ್ರಗಳಾಗಿ ಬಿಡಿಸಿಕೊಂಡು ಮೇಲಿಂದ ಕಣ್ಣಾಡಿಸಿದರೆ ಒಳಗೆ ಏನಿದೆ ಎಂಬುದು ಮೊದಲೇ ಗೊತ್ತಾಗುತ್ತದೆ. ಮೈ ಬೆಚ್ಚುವುದು ಅರಿಯದೆ ಎದುರಾದಾಗ. ಹುಡುಕಬೇಕಾದ್ದು ಅಂಗಡಿ ಬೋರ್ಡಿನ ಭಾಷೆ, ವಾಹನದ ನಂಬರ್ ಪ್ಲೇಟ್, ಬಸ್ಸಿನ ಬಣ್ಣ, ಛಾವಣಿಯ ಬಗೆ, ಹಿಂದಿನ ಬೆಟ್ಟದ ಅಂಚು. ಮುಖಗಳಲ್ಲಿ ಊರಿನ ಗುರುತು ಸಿಗುವುದಿಲ್ಲ, ಆದ್ದರಿಂದ ಅಲ್ಲಿ ಕಣ್ಣು ನಿಲ್ಲಿಸುವ ಅಗತ್ಯವಿಲ್ಲ. ಚಿತ್ರದ ಹಿಮ್ಮುಖ ಹುಡುಕಾಟದಲ್ಲಿ (ಚಿತ್ರವನ್ನೇ ಕೊಟ್ಟು ಅದು ಮೊದಲು ಎಲ್ಲಿ ಬಂದಿತ್ತೆಂದು ಹುಡುಕುವುದು) ಹಳೆಯ ತಾರೀಖಿನ ಪ್ರತಿ ಸಿಕ್ಕಿತೆಂದರೆ ಅದು ಈ ಸಲದ್ದಲ್ಲವೆಂದು ಗೊತ್ತಾಯಿತು, ವಿಡಿಯೊವನ್ನು ಕೊನೆಯವರೆಗೆ ನೋಡಬೇಕಿಲ್ಲ. ಸದ್ದು ಕೇಳಲೇಬೇಕಾದ ಕಡೆ, ಉದಾಹರಣೆಗೆ ಹಿನ್ನೆಲೆಯ ಮಾತು ಮಲಯಾಳವೋ ತಮಿಳೋ ಎಂದು ಗುರುತಿಸಬೇಕಾದಾಗ, ಜೊತೆಗಾರ್ತಿ ಕೇಳಿ ಬರೆದುಕೊಡುತ್ತಾಳೆ. ಒಮ್ಮೆಗೆ 20 ನಿಮಿಷ, ನಡುವೆ ಎದ್ದು ಹೊರಗೆ ಹತ್ತು ನಿಮಿಷ, ಸಂಜೆ ಏಳರ ನಂತರ ಇಲ್ಲ. ಫೈಲಿಗೆ ಒಳಗಿರುವುದನ್ನು ಹೇಳುವ ಹೆಸರು: "04-ನೀರು-ಸದ್ದಿದೆ", "07-ಗಾಯಾಳು". ಮೊಬೈಲ್ ಗ್ಯಾಲರಿಯಲ್ಲಿ ಒಂದನ್ನೂ ಇಡಬಾರದು. ಅಮ್ಮನ ಹುಟ್ಟುಹಬ್ಬದ ಫೋಟೊ ಹುಡುಕುವಾಗ ಎದುರಾಗುವುದು ಅದೇ.

ತೋಟಕ್ಕೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಹೋಗುವವರಿಗೆ ಕೈಗವಸು ಕೊಡುತ್ತೇವೆ, ಗಾಳಿಯ ದಿಕ್ಕು ನೋಡಿ ನಿಲ್ಲಲು ಹೇಳುತ್ತೇವೆ. 12 ವಿಡಿಯೊ ಕೈಗಿಡುವಾಗಲೂ ಇಷ್ಟನ್ನು ಹೇಳಿಕೊಡಬೇಕು. ಮನೋರೋಗ ವರ್ಗೀಕರಣದ ಡಿಎಸ್ಎಂ-5 ಕೂಡ 2013ರಿಂದ, ಪರದೆಯ ಮೇಲೆ ನೋಡಿದ್ದನ್ನು ಆಘಾತವೆಂದು ಪರಿಗಣಿಸುವುದು ಅದು ಕೆಲಸದ ಭಾಗವಾಗಿದ್ದಾಗ ಮಾತ್ರ. ಸುದ್ದಿಮನೆಗಳಿಗೆ ಅನ್ವಯಿಸುವ ಈ ಮಾತು ಸುದ್ದಿಮನೆಗೆ ತಯಾರಾಗುವ ವಿದ್ಯಾರ್ಥಿಗಳ ಪ್ರಯೋಗಾಲಯಕ್ಕೂ ಅನ್ವಯಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಎಲ್ಲವೂ ನೇರವಾಗಿ ನಡೆಯಲಿಲ್ಲ. ಹತ್ತು ನಿಮಿಷದ ಬಿಡುವಿನಲ್ಲಿ ರೀಲ್ಸ್ ತೆರೆದಳು, ಅಲ್ಲೂ ವಯನಾಡೇ ಬಂತು. ಆಮೇಲೆ ಬಿಡುವೆಂದರೆ ಫೋನ್ ಒಳಗಿಟ್ಟು ಹೊರಗೆ ಹೋಗುವುದೆಂದು ತಿದ್ದಿದೆವು. ಜೊತೆಗಾರ್ತಿಯ ಏರ್ಪಾಡು ಎರಡೇ ದಿನದಲ್ಲಿ "ಇದು ನೋಡಿದ್ಯಾ" ಎಂದು ವಿಡಿಯೊ ಕಳಿಸಿಕೊಳ್ಳುವುದಾಗಿ ತಿರುಗಿತು. ಇಬ್ಬರನ್ನೂ ಕೂರಿಸಿ, ಮಾತಿನಲ್ಲಿ ಮಾತ್ರ ಹೇಳುವುದು, ಫಾರ್ವರ್ಡ್ ಮಾಡಬಾರದು ಎಂದು ಗೊತ್ತುಮಾಡಬೇಕಾಯಿತು. ಉಸಿರಾಟದ ಅಭ್ಯಾಸದಲ್ಲಿ ತಲೆ ತಿರುಗುತ್ತದೆ ಎಂದಳು. ನೋಡಿದರೆ ದೊಡ್ಡ ದೊಡ್ಡ ಉಸಿರನ್ನು ಬೇಗ ಬೇಗ ಎಳೆಯುತ್ತಿದ್ದಳು. ನಾಲ್ಕು ಎಣಿಸುವವರೆಗೆ ಸಹಜವಾಗಿ ಒಳಕ್ಕೆ, ಆರು ಎಣಿಸುವವರೆಗೆ ನಿಧಾನವಾಗಿ ಹೊರಕ್ಕೆ, ಐದು ನಿಮಿಷ. ಹೊರಬಿಡುವುದು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ.

ಸುದ್ದಿ ಪೂರ್ತಿ ಬಿಡು ಎಂದು ಕೊಡಗಿನ ಮಳೆಗಾಲದಲ್ಲಿ ಯಾರಿಗೂ ಹೇಳುವಂತಿಲ್ಲ. ಬರೆಯ ಕೆಳಗಿನ ಮನೆಯವರಿಗೆ ಎಚ್ಚರಿಕೆ ತಿಳಿಯಲೇಬೇಕು. ಅದಕ್ಕೆ ಎಚ್ಚರಿಕೆಯನ್ನೂ ಸುದ್ದಿಯನ್ನೂ ಬೇರೆ ಮಾಡಿದೆವು. ಹವಾಮಾನ ಇಲಾಖೆಯ ಬಣ್ಣ ಮತ್ತು ಜಿಲ್ಲಾಡಳಿತದ ಪ್ರಕಟಣೆ, ಇವೆರಡೇ ಎಚ್ಚರಿಕೆ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆಯ ಮುನ್ಸೂಚನೆಗೆ ಸಾಮಾನ್ಯವಾಗಿ ಹಳದಿ, 204.4ರವರೆಗೆ ಕಿತ್ತಳೆ, ಅದರ ಮೇಲೆ ಕೆಂಪು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ "ಸಚೇತ್" ಆ್ಯಪ್‌ಗೆ ಮಾತ್ರ ಸದ್ದು ಮಾಡುವ ಅನುಮತಿ, ಉಳಿದೆಲ್ಲ ನೋಟಿಫಿಕೇಶನ್ ಬಂದ್. ರಾತ್ರಿ ನೋಡುವ ಹೊಣೆ ಅಪ್ಪನದು. ಕೆಂಪು ಇದ್ದರೆ ಕತ್ತಲಾಗುವ ಮೊದಲೇ ಚಿಕ್ಕಮ್ಮನ ಮನೆಗೆ ಹೋಗುವುದು, ಚೀಲದಲ್ಲಿ ದಾಖಲೆ, ಟಾರ್ಚ್, ಔಷಧಿ ಸಿದ್ಧ. ಇಷ್ಟು ಗೊತ್ತಾದ ಮೇಲೆ ರಮ್ಯಾಳ ರಾತ್ರಿ ಕಾವಲಿಗೆ ಕಾರಣ ಉಳಿಯಲಿಲ್ಲ. ಸುದ್ದಿಗೆ ಬೆಳಗ್ಗೆ ಪತ್ರಿಕೆ ಅರ್ಧ ಗಂಟೆ, ಸಂಜೆ 25 ನಿಮಿಷ. ಸುದ್ದಿ ದಿನಚರಿಗೆ ಅಷ್ಟು ಧಾರಾಳ ಸಾಕು. ಅಪ್ಪ ಟಿವಿ ಬಿಡಲಿಲ್ಲ, ಊಟದ ಹೊತ್ತು ಆರಿಸಲು ಒಪ್ಪಿದರು.

ಸಂದರ್ಶನದ ವರದಿಯ ವಿಷಯದಲ್ಲಿ ಉಪನ್ಯಾಸಕರ ಬಳಿ ಅವಳೇ ಮಾತನಾಡಬೇಕಿತ್ತು. ಏನು ಹೇಳಬೇಕೆಂದು ಬರೆದು ಅಭ್ಯಾಸ ಮಾಡಿಸಿದೆವು: "ಸರ್, 2018ರಲ್ಲಿ ನಮ್ಮ ಮನೆಗೂ ಹಾನಿಯಾಗಿತ್ತು. ಅದೇ ವಿಷಯ ಬರೀತೀನಿ, ಆದ್ರೆ ಈ ಸಲ ದಾಖಲೆ ಇಟ್ಕೊಂಡು ಬರೀಲಾ?" ಎರಡೇ ವಾಕ್ಯ, ಕಣ್ಣೀರಿನ ವಿವರ ಬೇಡ. ಉಪನ್ಯಾಸಕರು ಕೂಡಲೇ ಒಪ್ಪಿದರು. ಅವಳು ಆರಿಸಿಕೊಂಡದ್ದು ಒಂದು ಪುನರ್ವಸತಿ ಬಡಾವಣೆಯ ಕುಡಿಯುವ ನೀರಿನ ಕಡತ. ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ಸೆಮಿಸ್ಟರ್ ಲೆಕ್ಕದಲ್ಲಿ 30 ದಿನ ದೊಡ್ಡದು, ಆದ್ದರಿಂದ ಅರ್ಜಿ ಆ ವಾರವೇ ಹೋಯಿತು. ಮೇಲ್ಮನವಿಗೆ ಹೋಗಬೇಕಾಗಿ ಬಂದರೂ ವರದಿ ನಿಲ್ಲಬಾರದೆಂದು ಗ್ರಾಮಸಭೆಯ ನಡಾವಳಿಯನ್ನೂ ಕೇಳಿಟ್ಟಳು.

ಬಡಾವಣೆಯ ಇಬ್ಬರನ್ನು ಮಾತನಾಡಿಸಲೇಬೇಕಾಯಿತು. ಅಲ್ಲಿಗೆ ನಾವು ಕೊಟ್ಟ ಸೂಚನೆ: "ಹೇಗನಿಸಿತು" ಎಂದು ಶುರುಮಾಡಬಾರದು, ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳಬೇಕು. ಆ ರಾತ್ರಿಯ ಮಾತನ್ನು ಅವರಾಗಿ ಎತ್ತಿದರೆ ಕೇಳಬೇಕು, ಅಗೆಯಬಾರದು. ಯಾವಾಗ ಬೇಕಾದರೂ ನಿಲ್ಲಿಸಬಹುದೆಂದು ಮೊದಲೇ ಹೇಳಬೇಕು. ಬರೆದದ್ದರಲ್ಲಿ ಅವರ ಮಾತಿರುವ ಭಾಗವನ್ನು ಓದಿ ಹೇಳಬೇಕು. ಹೆಸರು ಬೇಡವೆಂದವರ ಮನೆಹೆಸರನ್ನೂ ಮನೆಸಾಲಿನ ಸಂಖ್ಯೆಯನ್ನೂ ಬಿಡಬೇಕು. ಗುರುತಿನ ವಿಷಯದಲ್ಲಿ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಕಲಂ ಒಳ್ಳೆಯ ಅಳತೆಗೋಲು. ಅದು ಮಗುವಿನ ಹೆಸರಿನ ಜೊತೆಗೆ ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ ಎಲ್ಲವನ್ನೂ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಬೇರೆ ಬಗೆಯ ಸುದ್ದಿಯಲ್ಲೂ ಯಾರದಾದರೂ ಗುರುತು ಕಾಯಬೇಕಾದಾಗ ಈ ಪಟ್ಟಿಯನ್ನೇ ಎದುರಿಗಿಟ್ಟುಕೊಂಡರೆ ತಪ್ಪಾಗುವುದಿಲ್ಲ ಎಂದು ಅವಳಿಗೆ ಹೇಳಿದೆವು. ಸ್ಥಳೀಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ "ಹೆಸರು ಹೇಳುವುದಿಲ್ಲ" ಎನ್ನುತ್ತಲೇ ಊರು, ಮನೆತನ ಬರೆಯುವುದನ್ನು ಕಂಡು ಅವಳಿಗೆ ಬರುತ್ತಿದ್ದ ಸಿಟ್ಟು ನ್ಯಾಯವಾದದ್ದು. ಅದನ್ನು ತರಗತಿಯ ಚರ್ಚೆಗೆ ತಂದಳು.

ಆರನೇ ಭೇಟಿಯ ಹೊತ್ತಿಗೆ ಜಿಎಡಿ-7ರ ಅಂಕ 13ರಿಂದ 7ಕ್ಕೆ ಇಳಿದಿತ್ತು. ನಿದ್ದೆ ವಾರದಲ್ಲಿ ಐದು ರಾತ್ರಿ ಸರಿ. ಹನ್ನೆರಡರಲ್ಲಿ ಹನ್ನೊಂದು ವಿಡಿಯೊ ಪರಿಶೀಲಿಸಿದಳು, ಒಂದನ್ನು ಬಿಟ್ಟಳು, "ಬಿಟ್ಟಿದ್ದೇನೆ" ಎಂದೇ ಬರೆದಳು. ಆ ಸದ್ದಿಗೆ ಮಾತ್ರ ಆಗಲೂ ಎದೆ ಹೊಡೆಯುತ್ತಿತ್ತು. ಅದನ್ನು ಮಳೆಗಾಲದಲ್ಲಿ ಮುಟ್ಟಲಿಲ್ಲ. ಛಾವಣಿಯ ಶೀಟಿನ ಮೇಲೆ ದಿನವೂ ಮಳೆ ಬಡಿಯುವಾಗ ಮನಸ್ಸಿಗೆ ಬಿಡುವೇ ಇರುವುದಿಲ್ಲ. ಒಣಹವೆ ಇರುವ ಫೆಬ್ರುವರಿಯಲ್ಲಿ, ತರಬೇತಿ ಪಡೆದ ಚಿಕಿತ್ಸಕರ ಜೊತೆ ಹಂತಹಂತವಾಗಿ ಕೇಳಿಸುವ ಅಭ್ಯಾಸಕ್ಕೆ ಸಮಯ ಗೊತ್ತುಮಾಡಿದೆವು. ಅಲ್ಲಿಯವರೆಗೆ ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತನಾಡಬಹುದು. ಅದಾದ ಮೇಲಿನ ಭೇಟಿ ಮೇ ಕೊನೆಯ ವಾರ, ಮಳೆ ಹಿಡಿಯುವ ಮೊದಲು. ಆಗ ಅಪ್ಪನೂ ಬರಬೇಕೆಂದು ಬರೆದುಕೊಟ್ಟೆವು.