ಕೊಡಗಿನಿಂದ ದೂರದ ವಿಮಾನ: ಊಟದ ಲೆಕ್ಕ ಮನೆ ಗೇಟಿನಿಂದಲೇ

ಹೊರದೇಶದಲ್ಲಿರುವ ಮಕ್ಕಳ ಮನೆಗೆ ಹೊರಟವರಿಂದ ಈ ಸಲ ಹೆಚ್ಚು ಪತ್ರಗಳು ಬಂದಿವೆ. ಎಲ್ಲರೂ ಕೇಳಿರುವುದು ವಿಮಾನದೊಳಗೆ ಕೊಡುವ ಊಟದ ಬಗ್ಗೆ. ಆದರೆ ಕೊಡಗಿಗೆ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ನಮ್ಮವರಿಗೆ ಪ್ರಯಾಣ ಶುರುವಾಗುವುದು ಮನೆಯ ಗೇಟಿನಲ್ಲಿ, ಪಥ್ಯ ತಪ್ಪುವುದೂ ಬಹಳ ಸಲ ದಾರಿಯಲ್ಲೇ. ಹಾಗಾಗಿ ಉತ್ತರಗಳಲ್ಲಿ ರಸ್ತೆಯ ಗಂಟೆಗಳನ್ನೂ ಸೇರಿಸಿಕೊಂಡಿದ್ದೇವೆ.

ಪ್ರಶ್ನೆ: ಅಮ್ಮನಿಗೆ 64 ವರ್ಷ. ಬೆಳಗ್ಗೆ, ಸಂಜೆ ಮಿಶ್ರ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಬೆಂಗಳೂರಿನಿಂದ ದುಬೈ ಮೂಲಕ ಟೊರೊಂಟೊಗೆ ಹೋಗಬೇಕು. ಸಕ್ಕರೆ ಕಾಯಿಲೆಯವರ ಊಟ ಬುಕ್ ಮಾಡಿದ್ದೇವೆ. ಸಾಕೇ?
(ಓದುಗರು, ಗೋಣಿಕೊಪ್ಪಲು)

ಉತ್ತರ: ಸಾಲದು. ಒಂದು ಹಾಳೆ ತೆಗೆದುಕೊಂಡು ಗಂಟೆಗಳನ್ನು ಬರೆಯಿರಿ. ಗೋಣಿಕೊಪ್ಪಲಿನಿಂದ ದೇವನಹಳ್ಳಿಗೆ ನಿಂತು ಹೋಗುವುದೂ ಸೇರಿ ಸುಮಾರು 7 ಗಂಟೆ. ನಿಲ್ದಾಣದಲ್ಲಿ 3 ಗಂಟೆ. ದುಬೈವರೆಗೆ 4, ಅಲ್ಲಿ ಕಾಯುವುದು 4 ಎಂದುಕೊಳ್ಳೋಣ, ಅಲ್ಲಿಂದ ಟೊರೊಂಟೊಗೆ ಸುಮಾರು 14. ಒಟ್ಟು 32 ಗಂಟೆ. ನೀವು ಬುಕ್ ಮಾಡಿದ ಊಟ ಇದರಲ್ಲಿ 18 ಗಂಟೆಗೆ ಮಾತ್ರ ಸಂಬಂಧಪಟ್ಟದ್ದು. ಉಳಿದ 14 ಗಂಟೆಯ ಊಟ ನಿಮ್ಮ ಕೈಯಲ್ಲೇ ಇರಬೇಕು.

ವಿಮಾನ ಬೆಳಗಿನ ಜಾವ 4 ಗಂಟೆಗೆ ಎಂದಿಟ್ಟುಕೊಳ್ಳಿ. ಸಂಜೆ 6ಕ್ಕೆ ಮನೆ ಬಿಟ್ಟು ರಾತ್ರಿ 9ಕ್ಕೆ ಮೈಸೂರು ದಾಟಿ ಎಲ್ಲೋ ಊಟ ಮಾಡುತ್ತೀರಿ. ವಿಮಾನದ ಮೊದಲ ಟ್ರೇ ಬರುವುದು ಹಾರಿದ ಒಂದು, ಒಂದೂವರೆ ಗಂಟೆಯ ಮೇಲೆ, ಅಂದರೆ ಬೆಳಗ್ಗೆ ಐದೂವರೆಗೆ. ನಡುವೆ ಎಂಟೂವರೆ ಗಂಟೆ ಹೊಟ್ಟೆ ಖಾಲಿ. ಇನ್ಸುಲಿನ್ ತೆಗೆದುಕೊಂಡವರಿಗೆ ಸಕ್ಕರೆ ಇಳಿಯುವುದು ಇಂಥ ಹೊತ್ತಿನಲ್ಲೇ, ಸಾಲಿನಲ್ಲಿ ನಿಂತು ಬ್ಯಾಗು ಎತ್ತಿ ಇಳಿಸುವಾಗ. ರಾತ್ರಿ ಹನ್ನೆರಡು, ಒಂದರ ಹೊತ್ತಿಗೆ ಏನಾದರೂ ತಿನ್ನುವಂತೆ ನೋಡಿಕೊಳ್ಳಿ: ಒಂದು ಹಿಡಿ ಹುರಿಗಡಲೆ ಮತ್ತು ಎರಡು ಬಿಸ್ಕತ್ತು, ಅಥವಾ ಒಂದು ಸಣ್ಣ ಚಪಾತಿ.

ಎರಡನೇ ವಿಮಾನದಲ್ಲಿ ಇನ್ನೊಂದು ಕಂದರವಿದೆ. ಮೊದಲ ಊಟ ಹಾರಿದ ಕೂಡಲೇ, ಎರಡನೆಯದು ಇಳಿಯುವ ಎರಡು ಗಂಟೆ ಮೊದಲು. ನಡುವಿನ ಹತ್ತು ಗಂಟೆ ದೀಪ ಆರಿಸಿ ಎಲ್ಲರನ್ನೂ ಮಲಗಿಸುತ್ತಾರೆ. ಅಮ್ಮನ ಫೋನಿನಲ್ಲಿ ನಾಲ್ಕು ಗಂಟೆಗೊಮ್ಮೆ ಅಲಾರಂ ಇಡಿ. ಎದ್ದು ಗ್ಲುಕೋಮೀಟರಿನಲ್ಲಿ ನೋಡಿಕೊಳ್ಳಲಿ.

ಸಕ್ಕರೆ 70ಕ್ಕಿಂತ ಕೆಳಗಿಳಿದರೆ 15 ಗ್ರಾಂ ಗ್ಲುಕೋಸ್, 15 ನಿಮಿಷ ಕಾಯುವುದು, ಮತ್ತೆ ನೋಡುವುದು, ಇನ್ನೂ ಕೆಳಗಿದ್ದರೆ ಮತ್ತೊಂದು 15 ಗ್ರಾಂ. ಮನೆಯಲ್ಲೇ ತಕ್ಕಡಿಯಲ್ಲಿ ತೂಗಿ ಆರು ಪೊಟ್ಟಣ ಕಟ್ಟಿ, ಪ್ರತಿಯೊಂದರ ಮೇಲೂ ‘ಗ್ಲುಕೋಸ್ 15 ಗ್ರಾಂ’ ಎಂದು ಬರೆಯಿರಿ. ಚಾಕೊಲೇಟು ಇದಕ್ಕೆ ಬೇಡ, ಅದರ ಕೊಬ್ಬು ಸಕ್ಕರೆ ಏರುವುದನ್ನು ತಡಮಾಡುತ್ತದೆ. ಕೊಡಗಿನ ಜೇನೂ ಒಂದು ಊಟದ ಚಮಚದಷ್ಟು ಇದೇ ಕೆಲಸ ಮಾಡುತ್ತದೆ. ಆದರೆ ಅಂಟುತ್ತದೆ, ಸೋರುತ್ತದೆ, ನಡುಗುವ ಕೈಗೆ ಪೊಟ್ಟಣವೇ ಸುಲಭ.

ನೀವು ಬುಕ್ ಮಾಡಿದ, ಡಿಬಿಎಂಎಲ್ ಎಂಬ ಸಂಕೇತದ ಊಟದಲ್ಲಿ ಸಕ್ಕರೆ ಮತ್ತು ಕೊಬ್ಬು ಕಡಿಮೆ. ಕೆಲವೊಮ್ಮೆ ಅನ್ನ, ರೊಟ್ಟಿಯೂ ಅಷ್ಟೇ ಕಡಿಮೆ. ಅಮ್ಮನ ಡೋಸು ಮನೆಯ ಅನ್ನದ ಅಳತೆಗೆ ನಿಗದಿಯಾದದ್ದು ಎಂಬುದನ್ನು ಮರೆಯಬೇಡಿ. ಆದ್ದರಿಂದ ಟ್ರೇ ಮುಂದೆ ಬಂದು, ಮುಚ್ಚಳ ತೆಗೆದು, ಎಷ್ಟಿದೆ ಎಂದು ಕಣ್ಣಿನಿಂದ ನೋಡಿದ ಮೇಲೆಯೇ ಚುಚ್ಚಿಕೊಳ್ಳಬೇಕು. ಗಾಡಿ ಎರಡು ಸಾಲು ಹಿಂದಿದೆ ಎಂದು ಮೊದಲೇ ಚುಚ್ಚಿಕೊಂಡರೆ, ವಿಮಾನ ಕುಲುಕಾಡಿ ಊಟ ನಿಂತಾಗ ಕಷ್ಟ.

ಪಶ್ಚಿಮಕ್ಕೆ ಹೋಗುವಾಗ ದಿನ ಉದ್ದವಾಗುತ್ತದೆ. ಟೊರೊಂಟೊ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಯಾವ ಡೋಸು ಯಾವಾಗ ಎಂಬುದನ್ನು ನಾವು ಇಲ್ಲಿ ಹೇಳುವಂತಿಲ್ಲ. ಮೇಲಿನ ಗಂಟೆಗಳ ಹಾಳೆಯನ್ನೇ ಮೂರು ವಾರ ಮೊದಲು ವೈದ್ಯರಿಗೆ ತೋರಿಸಿ ಬರೆಸಿಕೊಳ್ಳಿ. ಇಳಿಯುವವರೆಗೆ ಅಮ್ಮನ ಕೈಗಡಿಯಾರ ಊರಿನ ಸಮಯದಲ್ಲೇ ಇರಲಿ.

ಇನ್ಸುಲಿನ್ ಕೈಚೀಲದಲ್ಲೇ ಇರಬೇಕು. ಕೆಳಗಿನ ಸಾಮಾನಿನ ಕೋಣೆಯಲ್ಲಿ ಹೆಪ್ಪುಗಟ್ಟಬಹುದು, ಒಮ್ಮೆ ಹೆಪ್ಪುಗಟ್ಟಿದ್ದು ಮತ್ತೆ ಕೆಲಸಕ್ಕೆ ಬಾರದು. ಐಸ್ ಪ್ಯಾಕ್ ಜೊತೆ ನೇರವಾಗಿ ತಾಗಿಸಿ ಇಟ್ಟರೂ ಅದೇ ಗತಿ, ನಡುವೆ ಬಟ್ಟೆ ಸುತ್ತಿ. ಪ್ರತಿ ಸಲ ಚುಚ್ಚಿದ ಮೇಲೆ ಪೆನ್ನಿನ ಸೂಜಿ ತೆಗೆದುಬಿಡಿ. ಸೂಜಿ ಇದ್ದಂತೆಯೇ ಬಿಟ್ಟರೆ ಒತ್ತಡ ಬದಲಾದಾಗ ಔಷಧ ಹೊರಗೆ ಸೋರುತ್ತದೆ, ಗಾಳಿ ಒಳಗೆ ಸೇರುತ್ತದೆ, ಡೋಸು ತಪ್ಪುತ್ತದೆ. ವೈದ್ಯರ ಚೀಟಿ, ಅಂಗಡಿಯ ಲೇಬಲ್ಲಿರುವ ಪೆಟ್ಟಿಗೆ ಜೊತೆಗಿರಲಿ. ಇಬ್ಬರು ಹೋಗುತ್ತಿದ್ದರೆ ಔಷಧವನ್ನು ಎರಡು ಚೀಲಗಳಿಗೆ ಹಂಚಿ.

ಪ್ರಶ್ನೆ: ಮಗಳಿಗೆ ಸೀಲಿಯಾಕ್ ಕಾಯಿಲೆ, ಗೋಧಿ ಮುಟ್ಟುವಂತಿಲ್ಲ. ಲಂಡನ್ನಿಗೆ ಓದಲು ಹೊರಟಿದ್ದಾಳೆ. ನಮ್ಮ ಕಡಂಬಿಟ್ಟು, ನೂಪುಟ್ಟು ಎಲ್ಲ ಅಕ್ಕಿಯದೇ ಅಲ್ಲವೇ, ಕಟ್ಟಿಕೊಟ್ಟರೆ ಆಗದೇ?
(ಓದುಗರು, ನಾಪೋಕ್ಲು)

ಉತ್ತರ: ಗೋಧಿಯಲ್ಲಿರುವ, ಈ ಕಾಯಿಲೆಗೆ ಆಗದ ಗ್ಲುಟನ್ ಎಂಬ ಅಂಶದ ಲೆಕ್ಕದಲ್ಲಿ ಕೊಡಗಿನ ಅಡುಗೆ ಮನೆಯಷ್ಟು ಅನುಕೂಲ ಬೇರೆ ಕಡೆ ಸಿಗುವುದು ಕಷ್ಟ. ತೊಂದರೆ ಇರುವುದು ಸಮಯದಲ್ಲಿ. ಬೆಳಗ್ಗೆ ಹಬೆಯಲ್ಲಿ ಬೆಂದ ಕಡಂಬಿಟ್ಟನ್ನು ಬಿಸಿಯಿರುವಾಗಲೇ ಡಬ್ಬಿಗೆ ಹಾಕಿ ಮುಚ್ಚುತ್ತೇವೆ. ಮುಚ್ಚಳದ ಒಳಗೆ ಹಬೆ ನೀರಾಗಿ ಉಂಡೆಗಳ ಮೇಲೆ ತೊಟ್ಟಿಕ್ಕುತ್ತದೆ. ಹೊರಗೆ ತಣ್ಣಗಾದರೂ ಉಂಡೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಬೆಂದ ಅಕ್ಕಿಯಲ್ಲಿ ಬದುಕುಳಿಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾಕ್ಕೆ ಇಂಥ ಬೆಚ್ಚಗಿನ ತೇವವೇ ಬೇಕು. ಅದು ಬಿಡುವ ಒಂದು ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಕಡಂಬಿಟ್ಟು, ನೂಪುಟ್ಟು, ಪಾಪುಟ್ಟು ಮಾಡಿದ ನಾಲ್ಕು ಗಂಟೆಯೊಳಗೆ, ಅಂದರೆ ಹೆಚ್ಚೆಂದರೆ ಶ್ರೀರಂಗಪಟ್ಟಣದವರೆಗೆ. ಆಮೇಲೂ ಉಳಿದರೆ ಎಸೆಯಿರಿ.

ಅದರಾಚೆಗೆ ಒಣ ತಿನಿಸು. ದಪ್ಪ ಅವಲಕ್ಕಿ 80 ಗ್ರಾಂ, ಹುರಿಗಡಲೆ ಪುಡಿ ಎರಡು ಚಮಚ, ಉಪ್ಪು, ಒಣಮೆಣಸಿನ ಪುಡಿ ಬೆರೆಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ. ವಿಮಾನದಲ್ಲಿ ಬಿಸಿನೀರು ಕೇಳಿದರೆ ಕೊಡುತ್ತಾರೆ. ಸುಮಾರು 150 ಮಿ.ಲೀ. ಸುರಿದು ಏಳು ನಿಮಿಷ ಮುಚ್ಚಿಟ್ಟರೆ ಒಂದು ಊಟ. ಇಂಥ ಎರಡು ಡಬ್ಬಿ ಸಾಕು. ಕಟ್ಟಿಕೊಟ್ಟ ಊಟ ಬಿಸಿ ಮಾಡಿಕೊಡಿ ಎಂದರೆ ಹೆಚ್ಚಿನ ಕಂಪನಿಗಳ ಸಿಬ್ಬಂದಿ ಒಪ್ಪುವುದಿಲ್ಲ, ಫ್ರಿಜ್ಜಿನಲ್ಲೂ ಇಡುವುದಿಲ್ಲ. ಒಣ ಕೊಬ್ಬರಿ ಮಾತ್ರ ಸೇರಿಸಬೇಡಿ, ಎಣ್ಣೆಯಿಂದಾಗಿ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದು ಇದೆ, ತಪಾಸಣೆಯಲ್ಲಿ ತೆಗೆಸುತ್ತಾರೆ.

ಗೋಧಿ ಕಣ್ಣಿಗೆ ಕಾಣದಂತೆ ನುಸುಳುವ ಜಾಗ ಎರಡು. ಮೊದಲನೆಯದು ಹಿಟ್ಟಿನ ಗಿರಣಿ. ನಿಮಗಿಂತ ಮೊದಲು ಯಾರೋ ಗೋಧಿ ಬೀಸಿಸಿದ್ದರೆ ನಿಮ್ಮ ಅಕ್ಕಿ ಹಿಟ್ಟಿನಲ್ಲಿ ಅದು ಬಂದೇ ಬರುತ್ತದೆ. ಮಗಳಿಗೆ ಬೇಕಾದ್ದನ್ನು ಮನೆಯ ಮಿಕ್ಸಿಯಲ್ಲೇ ಮಾಡಿ. ಎರಡನೆಯದು ಇಂಗು. ಅಂಗಡಿಯಲ್ಲಿ ಸಿಗುವ ಇಂಗಿನ ಪುಡಿಗೆ ಬಹಳಷ್ಟು ಕಡೆ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಬೇಕರಿಯ ಅಕ್ಕಿ ಚಕ್ಕುಲಿ ಬೇಡವೆನ್ನುವುದು ಅದಕ್ಕೇ.

ವಿಮಾನಕ್ಕೆ ಜಿಎಫ್‌ಎಂಎಲ್, ಅಂದರೆ ಗ್ಲುಟನ್ ಇಲ್ಲದ ಊಟ, ಬುಕ್ ಮಾಡಿ. ಟ್ರೇ ಬಂದಾಗ ಫಾಯಿಲ್ ಮೇಲಿನ ಚೀಟಿಯಲ್ಲಿ ಆ ಅಕ್ಷರಗಳೂ ಸೀಟಿನ ಸಂಖ್ಯೆಯೂ ಇವೆಯೇ ನೋಡಲಿ. ತಪ್ಪು ಹೆಚ್ಚಾಗಿ ಆಗುವುದು ಬ್ರೆಡ್ಡಿನಲ್ಲಿ: ಊಟ ಸರಿಯಿರುತ್ತದೆ, ಬುಟ್ಟಿ ಹಿಡಿದು ಬಂದವರು ಎಲ್ಲರಿಗೂ ಕೊಡುವ ಬನ್ನನ್ನೇ ಅದರ ಮೇಲಿಟ್ಟು ಹೋಗುತ್ತಾರೆ. ಬನ್ನು ತಾಗಿದ್ದರೆ ಅದನ್ನು ತೆಗೆದಿಟ್ಟರೆ ಸಾಲದು, ಟ್ರೇಯನ್ನೇ ಬದಲಿಸಿ ಕೇಳಬೇಕು. ಇಳಿಯುವ ಮೊದಲು ಕೊಡುವ ಲಘು ತಿಂಡಿಗೆ ಗ್ಲುಟನ್ ಇಲ್ಲದ್ದು ಹಲವು ಸಲ ಇರುವುದೇ ಇಲ್ಲ, ಎರಡನೇ ಡಬ್ಬಿ ಅದಕ್ಕಾಗಿ. ಜಿಎಫ್‌ಎಂಎಲ್ ಎಂದರೆ ಸಸ್ಯಾಹಾರ ಎಂದೇನೂ ಅಲ್ಲ. ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಸಂಕೇತ ಕೊಡುವುದರಿಂದ, ಎರಡೂ ಬೇಕಾದವರು ಕಾಯಿಲೆಯದನ್ನು ಆರಿಸಿಕೊಂಡು ಮಾಂಸವನ್ನು ಬದಿಗಿಡುವುದೋ, ಹಣ್ಣಿನ ತಟ್ಟೆ ಕೇಳುವುದೋ ಮಾಡಬೇಕಾಗುತ್ತದೆ.

ಪ್ರಶ್ನೆ: ಟಿಕೆಟ್ ಮಾಡಿಸುವಾಗಲೇ ವಿಶೇಷ ಊಟ ಹೇಳಿದ್ದೆವು. ಹತ್ತಿದ ಮೇಲೆ ‘ನಿಮ್ಮ ಹೆಸರಿನಲ್ಲಿ ಏನೂ ಇಲ್ಲ’ ಎಂದರು. ಯಾಕೆ ಹೀಗಾಗುತ್ತದೆ?
(ಓದುಗರು, ಸೋಮವಾರಪೇಟೆ)

ಉತ್ತರ: ಕಾರಣ ಹೆಚ್ಚಾಗಿ ಮೂರರಲ್ಲಿ ಒಂದು. ಟಿಕೆಟ್ ಮಾರಿದ ಕಂಪನಿ ಒಂದು, ವಿಮಾನ ಹಾರಿಸುವ ಕಂಪನಿ ಇನ್ನೊಂದು. ಕೋರಿಕೆ ಮೊದಲನೆಯವರಲ್ಲೇ ಉಳಿದಿದೆ. ಅಥವಾ ವಿಮಾನ ತಡವಾಗಿ, ರದ್ದಾಗಿ ಬೇರೆಯದಕ್ಕೆ ಹಾಕಿದ್ದಾರೆ. ಹೊಸ ವಿಮಾನಕ್ಕೆ ಕೋರಿಕೆ ಹೋಗಿಲ್ಲ. ಅಥವಾ ನೀವು ಸೀಟು ಬದಲಿಸಿದ್ದೀರಿ, ಊಟ ಹಳೆಯ ಸೀಟಿಗೆ ಹೋಗಿದೆ.

ಏಜೆಂಟರ ಬಳಿ ಪ್ರಿಂಟ್ ಕೇಳಿ. ಪ್ರತಿ ವಿಮಾನದ ಸಾಲಿನಲ್ಲೂ ಊಟದ ಸಂಕೇತ ಬೇರೆ ಬೇರೆಯಾಗಿ ಇರಬೇಕು. ಅದರ ಪಕ್ಕದಲ್ಲಿ ಎಚ್‌ಕೆ ಎಂದಿದ್ದರೆ ಖಚಿತವಾಗಿದೆ. ಎನ್‌ಎನ್ ಎಂದಿದ್ದರೆ ಕೇಳಿದ್ದಾರೆ ಅಷ್ಟೆ, ಒಪ್ಪಿಗೆ ಬಂದಿಲ್ಲ. ಯುಸಿ ಎಂದರೆ ಆಗುವುದಿಲ್ಲ. ಬಹುತೇಕ ಕಂಪನಿಗಳು ಹಾರುವ 24 ಗಂಟೆ ಮೊದಲಿನವರೆಗೆ ಕೋರಿಕೆ ತೆಗೆದುಕೊಳ್ಳುತ್ತವೆ. ನೀವು ಮೂರು ದಿನ ಮೊದಲೇ, ವಿಮಾನ ಹಾರಿಸುವ ಕಂಪನಿಗೇ ಫೋನು ಮಾಡಿ ಪ್ರತಿ ವಿಮಾನದ ಸಂಖ್ಯೆ ಓದಿಸಿ ಕೇಳಿ. ಚೆಕ್‌ಇನ್‌ನಲ್ಲಿ ಇನ್ನೊಮ್ಮೆ ಪರದೆಯಲ್ಲಿ ನೋಡಿ ಹೇಳಿ ಎನ್ನಿ. ಸೀಟು ಬದಲಾದರೆ ಹತ್ತಿದ ಕೂಡಲೇ ಸಿಬ್ಬಂದಿಗೆ ತಿಳಿಸಿ. ಕೊನೆ ಗಳಿಗೆಯಲ್ಲಿ ಬೇರೆ ವಿಮಾನ ಸಿಕ್ಕಿತೆಂದರೆ ನಿಮ್ಮ ಊಟ ಅದರಲ್ಲಿ ಇಲ್ಲವೆಂದೇ ತಿಳಿದು ಕೈಯಲ್ಲಿರುವುದನ್ನು ಲೆಕ್ಕ ಹಾಕಿಕೊಳ್ಳಿ.

ಪ್ರಶ್ನೆ: ‘ಹಿಂದೂ ಮೀಲ್’ ಎಂದು ಹಾಕಿಸಿದೆವು, ಕೋಳಿ ಬಂತು. ಅಪ್ಪ ಊಟವನ್ನೇ ಬಿಟ್ಟರು.
(ಓದುಗರು, ಮಡಿಕೇರಿ)

ಉತ್ತರ: ಎಚ್‌ಎನ್‌ಎಂಎಲ್ ಎಂದರೆ ದನದ ಮಾಂಸವಿಲ್ಲದ ಮಾಂಸಾಹಾರ. ನಮ್ಮ ಸಸ್ಯಾಹಾರಕ್ಕೆ ಎವಿಎಂಎಲ್ ಹಾಕಿಸಬೇಕು, ಅದರಲ್ಲಿ ಹಾಲು, ಮೊಸರು ಇರುತ್ತದೆ. ವಿಜಿಎಂಎಲ್‌ನಲ್ಲಿ ಹಾಲೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಬಿಟ್ಟವರಿಗೆ ವಿಜೆಎಂಎಲ್.

ಪ್ರಶ್ನೆ: ಕಣ್ಣೂರಿನಿಂದ ಗಲ್ಫ್‌ಗೆ ಹೋಗುತ್ತಿದ್ದೇವೆ. ಮಗನಿಗೆ ಹೊರಗಿನ ಊಟ ಒಗ್ಗುವುದಿಲ್ಲ. ಪಂದಿ ಕರಿ, ಕಾಚಂಪುಳಿ, ಮಸಾಲೆ ಒಯ್ಯಬಹುದೇ?
(ಓದುಗರು, ವಿರಾಜಪೇಟೆ)

ಉತ್ತರ: ಪಂದಿ ಕರಿ ಖಂಡಿತ ಬೇಡ. ಸೌದಿ, ಕುವೈತ್, ಕತಾರ್‌ಗಳಲ್ಲಿ ಹಂದಿ ಮಾಂಸ ಒಳಗೆ ತರುವುದೇ ನಿಷಿದ್ಧ. ಅದಕ್ಕಿಂತ ದೊಡ್ಡ ಅಪಾಯ ಗಸಗಸೆ. ಯುಎಇಯಲ್ಲಿ ಅದನ್ನು ಮಾದಕ ವಸ್ತುವಿನ ಸಾಲಿನಲ್ಲಿ ನೋಡುತ್ತಾರೆ, ಸಿಂಗಪುರದಲ್ಲೂ ನಿಷೇಧವಿದೆ. ಮನೆಯ ಮಸಾಲೆ ಪುಡಿಗೆ ಗಸಗಸೆ ಹಾಕಿದ್ದರೆ ಆ ಪುಡಿಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಕರಿಮೆಣಸು, ಕೊತ್ತಂಬರಿ, ಜೀರಿಗೆ, ಸಾಸಿವೆ, ಮೆಂತ್ಯ ಕಪ್ಪಗೆ ಹುರಿದು ಮಾಡಿದ ಪುಡಿ ಒಯ್ಯಿರಿ, ಅಲ್ಲಿ ಕೋಳಿಗೆ ಹಾಕಿ ಮಾಡಬಹುದು.

ಕಾಚಂಪುಳಿ, ಅಂದರೆ ನಮ್ಮ ಕಪ್ಪು ಹುಳಿ ರಸ, ಚೆಕ್‌ಇನ್ ಸಾಮಾನಿನಲ್ಲಿ ಹೋಗಲಿ. ಅದರ ಹುಳಿ ತಗಡಿನ ಮುಚ್ಚಳವನ್ನು ತಿನ್ನುತ್ತದೆ, ಪ್ಲಾಸ್ಟಿಕ್ ಮುಚ್ಚಳವೇ ಆಗಬೇಕು. ಮೆತ್ತನೆಯ ಬಾಟಲಿಯಾದರೆ ಸ್ವಲ್ಪ ಹಿಂಡಿ ಗಾಳಿ ಹೊರಹಾಕಿ ಮುಚ್ಚಿ. ಮೇಲೆ ಹೋದಾಗ ಒಳಗಿನ ಗಾಳಿ ಹಿಗ್ಗಿ ಮುಚ್ಚಳದ ಸಂದಿನಿಂದ ಕಪ್ಪು ರಸವನ್ನು ತಳ್ಳುತ್ತದೆ. ಟೇಪು ಸುತ್ತಿ, ಜಿಪ್ ಇರುವ ಎರಡು ಕವರಿಗೆ ಹಾಕಿ, ಬಟ್ಟೆಯ ನಡುವೆ ನೆಟ್ಟಗೆ ನಿಲ್ಲಿಸಿ.

ಪ್ರಶ್ನೆ: ಯಜಮಾನರಿಗೆ ಮೂತ್ರಪಿಂಡದ ತೊಂದರೆ. ಉಪ್ಪು ಕಡಿಮೆ ಇರುವ ಊಟ ಹಾಕಿಸಿದರೆ ಸರಿಯೇ?
(ಓದುಗರು, ಕುಶಾಲನಗರ)

ಉತ್ತರ: ಎಲ್‌ಎಸ್‌ಎಂಎಲ್ ನೋಡಿಕೊಳ್ಳುವುದು ಸೋಡಿಯಂ ಒಂದನ್ನೇ. ವೈದ್ಯರು ಪೊಟ್ಯಾಸಿಯಂ ಕೂಡ ಕಡಿಮೆ ಮಾಡಲು ಹೇಳಿದ್ದರೆ ಟ್ರೇಯಲ್ಲಿ ಬರುವ ಬಾಳೆಹಣ್ಣು, ಕಿತ್ತಳೆ, ಆಲೂಗಡ್ಡೆ ಬಿಡಬೇಕು. ಟೊಮೆಟೊ ರಸ ಬೇಡವೇ ಬೇಡ, ಅದರಲ್ಲಿ ಎರಡೂ ಹೆಚ್ಚು. ದಾರಿಯಲ್ಲಿ ಮದ್ದೂರಿನ ಹತ್ತಿರ ಕಾರು ನಿಲ್ಲಿಸಿ ಎಳನೀರು ಕುಡಿಸುವ ಪ್ರೀತಿ ಅವರ ವಿಷಯದಲ್ಲಿ ಬೇಡ, ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬ. ಊಟದ ಜೊತೆಯೇ ನುಂಗಬೇಕಾದ, ಫಾಸ್ಫೇಟ್ ತಗ್ಗಿಸುವ ಮಾತ್ರೆ ಇದ್ದರೆ ಅಂಗಿಯ ಜೇಬಿನಲ್ಲಿರಲಿ, ಟ್ರೇ ಮಡಿಲಿಗೆ ಬಂದ ಮೇಲೆ ಎದ್ದು ಮೇಲಿನ ಚೀಲ ತೆಗೆಯಲು ಆಗುವುದಿಲ್ಲ.

ಪ್ರಶ್ನೆ: ವಿಮಾನದಲ್ಲಿ ಹೊಟ್ಟೆ ಉಬ್ಬರಿಸಿ ಒದ್ದಾಡುತ್ತೇನೆ. ಏನು ತಿನ್ನಬಾರದು?
(ಓದುಗರು, ಭಾಗಮಂಡಲ)

ಉತ್ತರ: ತಡಿಯಂಡಮೋಳ್ ಬೆಟ್ಟದ ಎತ್ತರ 1,748 ಮೀಟರ್. ವಿಮಾನದೊಳಗಿನ ಗಾಳಿಯ ಒತ್ತಡ ಅದಕ್ಕೂ ಮೇಲೆ, 1,800ರಿಂದ 2,400 ಮೀಟರ್ ಎತ್ತರದಲ್ಲಿ ಇರುವಷ್ಟೇ ಕಡಿಮೆ. ಹೊಟ್ಟೆಯಲ್ಲಿರುವ ಗಾಳಿ ಹಿಗ್ಗುವುದು ಇದರಿಂದ. ಹಿಂದಿನ ದಿನದಿಂದಲೇ ಹುರುಳಿ, ಹಲಸಿನ ಬೀಜ, ಎಲೆಕೋಸು, ಸೋಡಾ ಬಿಡಿ. ಸಪ್ಪೆ ಊಟಕ್ಕೆ ಬಿಎಲ್‌ಎಂಎಲ್ ಇದೆ. ಅರ್ಧ ಹೊಟ್ಟೆಗೆ ನಿಲ್ಲಿಸಿ, ಗಂಟೆಗೊಮ್ಮೆ ಎದ್ದು ನಡೆಯಿರಿ.

ಪ್ರಶ್ನೆ: ಏಳು ವರ್ಷದ ಮಗನಿಗೆ ಕಡಲೆಕಾಯಿ ಅಲರ್ಜಿ. ‘ಕಡಲೆಕಾಯಿ ಇಲ್ಲದ ಊಟ’ ಕೇಳಬಹುದೇ?
(ಓದುಗರು, ಶನಿವಾರಸಂತೆ)

ಉತ್ತರ: ಕೇಳಿ, ಆದರೆ ನಂಬಿ ಕೂರಬೇಡಿ. ಇಡೀ ವಿಮಾನದಲ್ಲಿ ಕಡಲೆಕಾಯಿ ಇರುವುದಿಲ್ಲ ಎಂದು ಕಂಪನಿಗಳು ಖಾತರಿ ಕೊಡುವುದಿಲ್ಲ, ಪಕ್ಕದ ಪ್ರಯಾಣಿಕರು ತಂದದ್ದೂ ಇರುತ್ತದೆ. ಈ ಮಗುವಿಗೆ ವಿಮಾನದ ಊಟವೇ ಬೇಡ, ಮನೆಯ ಒಣ ತಿನಿಸೇ ಇರಲಿ. ಕೂರುವ ಮೊದಲು ಟ್ರೇ ಮೇಜು, ಸೀಟಿನ ಕೈಯಾಸರೆ, ಬೆಲ್ಟಿನ ಕೊಂಡಿಯನ್ನು ಒದ್ದೆ ಟಿಶ್ಯೂನಿಂದ ಒರೆಸಿ. ಸ್ಯಾನಿಟೈಸರ್ ಕಡಲೆಕಾಯಿಯ ಅಂಶವನ್ನು ತೆಗೆಯುವುದಿಲ್ಲ. ಕೈಯನ್ನು ಸೋಪು ಹಾಕಿಯೇ ತೊಳೆಸಿ. ವೈದ್ಯರು ಅಡ್ರಿನಲಿನ್ ಬರೆದುಕೊಟ್ಟಿದ್ದರೆ ಎರಡು ಡೋಸು ಒಯ್ಯಿರಿ. ಹತ್ತಿದ ಕೂಡಲೇ ಸಿಬ್ಬಂದಿಗೆ ಮಗುವನ್ನು ತೋರಿಸಿ ಹೇಳಿ. ಔಷಧ ಇರುವ ಚೀಲ ನಿಮ್ಮ ಕಾಲಿನ ಬಳಿಯೇ ಇರಲಿ, ತಲೆಯ ಮೇಲಿನ ಪೆಟ್ಟಿಗೆಯಲ್ಲಿ ಬೇಡ.