ಕುರಿಯ ಹೃದಯದಲ್ಲಿ ಎಡ ಯಾವುದು, ಬಲ ಯಾವುದು?

ಕುರಿಯ ಹೃದಯ ಕೊಯ್ಯುವಾಗ ಎಡ-ಬಲ ತಿಳಿಯದೆ ತಪ್ಪು ಕಡೆ ಕತ್ತರಿಸಿಬಿಟ್ಟೆ ಅಂತ ಬರೆದಿದ್ದೀರಿ. ಮೊದಲ ಸಲ ನನಗೂ ಹಾಗೇ ಆಗಿತ್ತು.

ಮುಂದಿನ ಸಲ ಬ್ಲೇಡ್ ಹಿಡಿಯುವ ಮೊದಲು ಬೆರಳಲ್ಲಿ ಒತ್ತಿ ನೋಡಿ. ಒಂದು ಕಡೆ ಮೆತ್ತಗೆ ಒಳಗೆ ಹೋಗುತ್ತದೆ, ಇನ್ನೊಂದು ಕಡೆ ಗಟ್ಟಿಯಾಗಿರುತ್ತದೆ. ಗಟ್ಟಿ ಇರುವುದೇ ಎಡ. ಅದು ಇಡೀ ಮೈಗೆ ರಕ್ತ ತಳ್ಳಬೇಕು, ಬಲಗಡೆಯದು ಪಕ್ಕದ ಶ್ವಾಸಕೋಶಕ್ಕೆ ಕಳಿಸಿದರೆ ಸಾಕು. ಅದಕ್ಕೇ ಎಡಗಡೆಯ ಗೋಡೆ ಸುಮಾರು 3 ಪಟ್ಟು ದಪ್ಪ. ಕೆಳಗಿನ ಚೂಪು ತುದಿಯೂ ಎಡದ್ದೇ. ಹೃದಯದ ಮುಂಭಾಗ ನಿಮ್ಮತ್ತ ಇದ್ದರೆ, ಅದರ ಎಡ ನಿಮ್ಮ ಬಲಗೈ ಕಡೆ ಬರುತ್ತದೆ. ಎಡವುವುದು ಇಲ್ಲೇ ಅಲ್ವಾ?

ಈಗ ಕತ್ತರಿಸಿರುವುದನ್ನು ಸುಮ್ನೆ ಎಸೆಯಬೇಡಿ. ಒಳಗೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಅಡ್ಡಲಾಗಿ ದಪ್ಪ ಪಟ್ಟಿ ಕಾಣುತ್ತಿದ್ದರೆ ಅದು ಬಲಗಡೆಯ ಕೋಣೆ. ಬಿಳಿ ದಾರಗಳಂಥವನ್ನು ಚಿಮಟದಿಂದ ಮೆಲ್ಲಗೆ ಎಳೆಯಿರಿ, ಕವಾಟದ ತೆಳು ಪದರ ಜೊತೆಗೇ ಅಲುಗುತ್ತದೆ. ಕವಾಟ ಹಿಂದಕ್ಕೆ ಮಗುಚದಂತೆ ಹಿಡಿದಿಡುವುದು ಆ ದಾರಗಳೇ. ಮಹಾಪಧಮನಿ, ಅಂದರೆ ಎಡಗಡೆಯಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ, ಹಾಗೇ ಉಳಿದಿದ್ದರೆ ಅದರೊಳಗೆ ಮೇಲಿನಿಂದ ನಿಧಾನವಾಗಿ ನೀರು ಹಾಕಿ. ಮೂರು ಪುಟ್ಟ ಜೇಬುಗಳು ತುಂಬಿಕೊಂಡು ದಾರಿ ಮುಚ್ಚುವುದನ್ನು ಕಣ್ಣಾರೆ ನೋಡಬಹುದು. ನನಗೆ ಇವತ್ತಿಗೂ ಅದು ಬೆರಗೇ. ಅವುಗಳ ಹತ್ತಿರವೇ ಇರುವ ಸಣ್ಣ ತೂತುಗಳನ್ನೂ ಹುಡುಕಿ. ಹೃದಯ ತನಗೆ ಬೇಕಾದ ರಕ್ತ ತೆಗೆದುಕೊಳ್ಳುವುದು ಅಲ್ಲಿಂದಲೇ.