ಹಗಲಿಗೇನು ಉಳಿತಾಯ, ಮೇಷ್ಟ್ರೇ?

ಸಾಗರದಿಂದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಬರೆದಿದ್ದಾರೆ: "ನನ್ನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಬೆಳಿಗ್ಗೆ ಏಳಕ್ಕೆ ಬರುತ್ತಿದ್ದ ಅವಳ ಫೋನು ನವೆಂಬರ್‌ನಿಂದ ಎಂಟಕ್ಕೆ ಬರುತ್ತಿದೆ. ಕಾರಣ ನಿಮ್ಮ ಕಳೆದ ಸಂಚಿಕೆಯಲ್ಲಿ ಸಿಕ್ಕಿತು: ಬೇಸಿಗೆಗೆಂದು ಒಂದು ಗಂಟೆ ಮುಂದೆ ಹಾಕಿದ್ದ ಗಡಿಯಾರವನ್ನು ಅಮೆರಿಕದವರು ನವೆಂಬರ್‌ನಲ್ಲಿ ಹಿಂದಕ್ಕೆ ತಿರುಗಿಸುತ್ತಾರೆ. ಆದರೆ ಈ ಪದ್ಧತಿಯ 'ಡೇಲೈಟ್ ಸೇವಿಂಗ್ ಟೈಮ್' ಎಂಬ ಹೆಸರನ್ನು 'ಹಗಲು ಉಳಿತಾಯ ಸಮಯ' ಎಂದು ಬರೆದಿದ್ದೀರಿ. ಓದಿ ಬ್ಯಾಂಕಿನ ಪಾಸ್‌ಬುಕ್ ನೆನಪಾಯಿತು. ಡೇಲೈಟ್ ಎಂಬ ಸಾಧಾರಣ ಪದಕ್ಕೂ ಕನ್ನಡದಲ್ಲಿ ಒಂದು ಮಾತಿಲ್ಲವೇ? ಇಲ್ಲದಿದ್ದರೆ ಇಂಗ್ಲಿಷನ್ನೇ ಇಟ್ಟುಕೊಳ್ಳಿ."

ಮೇಷ್ಟ್ರೇ, ಮೊದಲು ತಪ್ಪೊಪ್ಪಿಗೆ. 'ಹಗಲು ಉಳಿತಾಯ' ಕೆಟ್ಟ ಅನುವಾದ. ಪ್ರೂಫ್‌ನಲ್ಲಿ ನನ್ನ ಕಣ್ಣೆದುರೇ ಹಾದು ಹೋಯಿತು. ಡೇಲೈಟ್ ಸೇವಿಂಗ್ ಅಂತಲೇ ಹಾಕಿದ್ದರೆ ಯಾರಿಗೂ ತೊಂದರೆ ಇರಲಿಲ್ಲ, ಅದೂ ಒಪ್ಪಿದೆ. ಆದರೆ "ಒಂದು ಮಾತಿಲ್ಲವೇ" ಅಂದಿರಲ್ಲ, ಅದನ್ನು ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಜೀವಮಾನವಿಡೀ ಕನ್ನಡ ಪಾಠ ಹೇಳಿದವರು ಕೇಳುವ ಪ್ರಶ್ನೆಯೇ ಇದು?

ಒಂದು ಮಾತಿಲ್ಲ, ನಿಜ. ಮೂರಿವೆ. ಹಗಲು ಅನ್ನುವುದು ಹೊತ್ತಿನ ಹೆಸರು. ಬೆಳಕು ಕಣ್ಣಿಗೆ ಸಿಗುವುದು. ಬಿಸಿಲು ಮೈಗೆ ತಾಕುವುದು. ಸೂಜಿಗೆ ದಾರ ಪೋಣಿಸಲು ಬೆಳಕಿಗೆ ಬರುತ್ತೇವೆ. ಹಪ್ಪಳವನ್ನು ಬಿಸಿಲಿಗೆ ಹಾಕುತ್ತೇವೆ. "ಹಪ್ಪಳ ಬೆಳಕಿಗೆ ಹಾಕು" ಅಂದರೆ ಮನೆಯ ಚಿಕ್ಕ ಮಗುವೂ ನಗುತ್ತದೆ. ನಿಮ್ಮ ಸಾಗರದಲ್ಲೇ ನೋಡಿ. ಜುಲೈ ತಿಂಗಳಲ್ಲಿ ಹಗಲಿರುತ್ತದೆ, ಮಂಕಾಗಿಯಾದರೂ ಬೆಳಕಿರುತ್ತದೆ, ಬಿಸಿಲು ಮಾತ್ರ ವಾರಗಟ್ಟಲೆ ಪತ್ತೆ ಇರುವುದಿಲ್ಲ. ಅಡಿಕೆ ಕೊಯ್ಲಿನ ಹೊತ್ತಿಗೆ ಮೋಡ ಕವಿದರೆ ಅಂಗಳದಲ್ಲಿ ಅಡಿಕೆ ಹರವಿದವರನ್ನು ಕೇಳಿ, ಬೆಳಕಿಗೂ ಬಿಸಿಲಿಗೂ ಇರುವ ವ್ಯತ್ಯಾಸ ಎಷ್ಟು ರೂಪಾಯಿಯದು ಅಂತ ಹೇಳುತ್ತಾರೆ.

ಮೂರೂ ಹಳೆಯ ಪದಗಳು. ಹಗಲು ಹಳಗನ್ನಡದಲ್ಲಿ ಪಗಲ್. ಪಾಲ್ ಹಾಲಾದ ಹಾಗೆ ಇದೂ ಆಯಿತು. ತಮಿಳರಿಗೂ ಮಲಯಾಳಿಗಳಿಗೂ ಇವತ್ತಿಗೂ ಅದು ಪಗಲ್, ತೆಲುಗರಿಗೆ ಪಗಲು, ತುಳುವರಿಗೆ ಪಗೆಲ್. ಬೆಳಕು, ಬೆಳಗು, ಬಿಳಿ, ಬೆಳ್ಳಿ, ಬೆಳದಿಂಗಳು ಒಂದೇ ಮನೆಯ ಮಕ್ಕಳು. ಬಿಸಿಲು ಬಿಸಿಯ ನೆಂಟ. ಇದನ್ನು ನಿಮಗೆ ಹೇಳುವುದು ಉದ್ಧಟತನ, ಗೊತ್ತು.

ಇನ್ನು ಆ 'ಉಳಿತಾಯ'. ಅದು ಹುಟ್ಟಿದ್ದು ಇಂಗ್ಲೆಂಡಿನ ಆಕಾಶದ ಕೆಳಗೆ. ಲಂಡನ್ನಿನಲ್ಲಿ ಡಿಸೆಂಬರ್‌ನ ಹಗಲು 8 ಗಂಟೆಯೂ ಇಲ್ಲ, ಜೂನ್‌ನದು ಹದಿನಾರೂವರೆ ಗಂಟೆ. ವಿಲಿಯಂ ವಿಲೆಟ್ ಎಂಬ ಮನೆ ಕಟ್ಟಿಸುವ ಕಂಟ್ರಾಕ್ಟರು ಬೇಸಿಗೆಯ ಬೆಳಿಗ್ಗೆ ಕುದುರೆ ಏರಿ ಹೊರಟರೆ ಊರಿನ ಕಿಟಕಿಗಳೆಲ್ಲ ಮುಚ್ಚಿದ್ದವಂತೆ. ಇಷ್ಟು ಬೆಳಕು ಹಾಳಾಗುತ್ತಿದೆಯಲ್ಲ ಎಂದು 1907ರಲ್ಲಿ ಸ್ವಂತ ದುಡ್ಡಿನಿಂದ ಒಂದು ಕಿರುಪುಸ್ತಕ ಅಚ್ಚು ಹಾಕಿಸಿ ಹಂಚಿದರು. 1915ರಲ್ಲಿ ತೀರಿಕೊಂಡರು. ಮರುವರ್ಷ ಯುದ್ಧದ ನಡುವೆ ಜರ್ಮನಿ ಮೊದಲು ಗಡಿಯಾರ ತಿರುಗಿಸಿತು, ಕೆಲವೇ ವಾರಗಳಲ್ಲಿ ಬ್ರಿಟನ್ ಕೂಡ. ಎರಡನೇ ಯುದ್ಧದಲ್ಲಿ ನಮ್ಮ ಗಡಿಯಾರವನ್ನೂ ಒಂದು ಗಂಟೆ ಮುಂದೆ ಹಾಕಿದ್ದರು. 1945ರಲ್ಲಿ ಬಿಟ್ಟರು. ಬೆಂಗಳೂರಿನ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ಅದರಲ್ಲಿ ಏನು ಉಳಿಸುತ್ತೀರಿ? ಏಪ್ರಿಲ್‌ನಲ್ಲಿ ನಮಗೆ ಉಳಿಸಿಕೊಳ್ಳಬೇಕು ಅನ್ನಿಸುವುದು ನೆರಳನ್ನು!

ಹಾಗಂತ ನಮ್ಮವರು ಬೆಳಕಿನ ಲೆಕ್ಕ ಇಡಲಿಲ್ಲ ಅಂತಲ್ಲ. ನಮ್ಮ ಊರಿನ ಮನೆಯ ಮಾಡಿನಲ್ಲಿ ಮಂಗಳೂರು ಹಂಚುಗಳ ನಡುವೆ ಎರಡು ಗಾಜಿನ ಹಂಚಿದ್ದವು. ಅದರಿಂದ ಇಳಿದ ಬೆಳಕಿನ ಚೌಕ ಅಡುಗೆಮನೆಯ ನೆಲದ ಮೇಲೆ ಹರಿದಾಡುತ್ತಿತ್ತು. ಅಜ್ಜಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಚೌಕ ಒರಳಿನ ಹತ್ತಿರ ಬಂದರೆ ಅಕ್ಕಿ ತೊಳೆಯುವ ಹೊತ್ತು, ಹೊಸಿಲು ಮುಟ್ಟಿದರೆ ನಾವು ಶಾಲೆಯಿಂದ ಬರುವ ಹೊತ್ತು. ಚಳಿಗಾಲದಲ್ಲಿ ಚೌಕದ ದಾರಿ ಒಂದೆರಡು ಗೇಣು ಸರಿಯುತ್ತಿತ್ತು. ಅಜ್ಜಿಯೂ ಅಷ್ಟೇ ಸರಿಸಿ ಲೆಕ್ಕ ಹಾಕುತ್ತಿದ್ದಳು. ವರ್ಷಕ್ಕೆ ಎರಡು ಸಲ ಎದ್ದು ಮುಳ್ಳು ತಿರುಗಿಸುವ ರಗಳೆ ಅವಳಿಗಿರಲಿಲ್ಲ.

ನೀವು ಇಂಗ್ಲಿಷನ್ನೇ ಇಟ್ಟುಕೊಳ್ಳಿ ಅಂತೀರಿ. ಆ ಇಂಗ್ಲಿಷ್ ಪದ ಎಷ್ಟು ಕಿತಾಪತಿ ಮಾಡುತ್ತದೆ ಗೊತ್ತಾ? ನಮ್ಮ ಕಚೇರಿಯ ಹೊಸ ಹುಡುಗನೊಬ್ಬ ವಿದೇಶದ ಸುದ್ದಿ ಅನುವಾದಿಸಿ ತಂದ: "ಎರಡೂ ದೇಶಗಳ ನಡುವೆ ಹಗಲು ಬೆಳಕಿಲ್ಲ." ಸಂಬಂಧ ಕೆಟ್ಟು ಕತ್ತಲು ಕವಿದಿದೆ ಅಂದುಕೊಂಡೆ. ಮೂಲ ನೋಡಿದರೆ ಉಲ್ಟಾ. ನಡುವೆ ಬೆಳಕು ತೂರುವಷ್ಟೂ ಸಂದಿಲ್ಲ, ಅಷ್ಟು ಒಗ್ಗಟ್ಟು ಅಂತ! "ಕೂದಲೆಳೆಯಷ್ಟೂ ಭೇದವಿಲ್ಲ ಅಂತ ಬರೆಯೋ ಮಾರಾಯ" ಅಂದೆ. ಪಾಪ, ಅವನು ಡಿಕ್ಷನರಿಯನ್ನು ನಂಬಿದ್ದ.

ನಮ್ಮ ಹಗಲು ಇಂಥ ಮೋಸ ಮಾಡುವುದಿಲ್ಲ. ಹಗಲು ಕಂಡ ಬಾವಿಗೆ ರಾತ್ರಿ ಬಿದ್ದ ಅಂದರೆ ವಿವರಣೆ ಬೇಕೇ? ಹಾಡಹಗಲನ್ನು ಈಗ ಅಪರಾಧ ಸುದ್ದಿ ಬರೆಯುವವರು ಒಬ್ಬರೇ ಸಾಕುತ್ತಿದ್ದಾರೆ, ಅವರಿಗೆ ಪುಣ್ಯ ಬರಲಿ. ಸ್ವಾಮಿಗಳ ಮೆರವಣಿಗೆಯ ಮುಂದೆ ಹಗಲು ದೀವಟಿಗೆ ಹಿಡಿಯುತ್ತಿದ್ದರು. ದೀಪ ಬೇಡದ ಹೊತ್ತಲ್ಲಿ ದೀಪ ಹಿಡಿಸಿಕೊಳ್ಳುವುದೇ ದೊಡ್ಡಸ್ತಿಕೆ.

ನನಗೆ ಜಾಸ್ತಿ ಇಷ್ಟ ಹಗಲುವೇಷ. ಯಕ್ಷಗಾನ, ಬಯಲಾಟ ಎಲ್ಲ ರಾತ್ರಿಯವು. ಕತ್ತಲು ಅರ್ಧ ಕೆಲಸ ಮಾಡಿಕೊಡುತ್ತದೆ. ಹಗಲುವೇಷದವರಿಗೆ ರಂಗವಿಲ್ಲ, ಪರದೆಯಿಲ್ಲ, ದೀಪವಿಲ್ಲ. ಬಣ್ಣ ಬಳಿದುಕೊಂಡು ಹಾರ್ಮೋನಿಯಂ, ತಬಲ ಹಿಡಿದು ಓಣಿಗೆ ಬರುತ್ತಾರೆ. ಬೆವರಿಗೆ ಬಣ್ಣ ಇಳಿಯುತ್ತಿರುತ್ತದೆ, ನೋಡುವವರು ಎರಡು ಮಾರು ದೂರದಲ್ಲಿ. ಅಷ್ಟರಲ್ಲೂ ರಾಮನೋ ಭೀಮನೋ ಆಗಿ ನಂಬಿಸಬೇಕು. ಇಷ್ಟು ಕಷ್ಟದ ಕಲೆಯ ಹೆಸರನ್ನು ನಾವು ಡೋಂಗಿಗಳನ್ನು ಬೈಯಲು ಇಟ್ಟುಕೊಂಡೆವು. ಈ ಪತ್ರಿಕೆಯ ರಾಜಕೀಯ ಅಂಕಣದಲ್ಲೂ ಅದೇ ಬೈಗುಳ ಬಂದಿದೆ. ನಾನೇ ಪಾಸು ಮಾಡಿದ್ದೆ.

ಮೊನ್ನೆ ಮನೆಗೆ ಬಲ್ಬು ತಂದೆ. ಡಬ್ಬಿಯ ಮೇಲೆ 'ಕೂಲ್ ಡೇಲೈಟ್, 6500 ಕೆಲ್ವಿನ್'. ಹಾಕಿದರೆ ನಡುಮನೆ ಆಸ್ಪತ್ರೆಯ ವಾರ್ಡಿನ ಹಾಗಾಯಿತು. ಹೆಂಡತಿ, "ಇದು ಯಾವ ಊರಿನ ಹಗಲು ರೀ?" ಅಂದಳು. ಆದರೆ ಈಗಿನ ಫ್ಲ್ಯಾಟುಗಳಲ್ಲಿ ಅದೇ ಗತಿ. ಪಕ್ಕದ ಕಟ್ಟಡದ ಗೋಡೆ ಕೈಗೆಟಕುತ್ತದೆ, ಮಧ್ಯಾಹ್ನ ಹನ್ನೆರಡಕ್ಕೂ ಅಡುಗೆಮನೆಯಲ್ಲಿ ಲೈಟು. ನಾನು ಹೋಗಿದ್ದ ಕಚೇರಿಯೊಂದರಲ್ಲಿ ಗೋಡೆಯಿಡೀ ಗಾಜು, ಗಾಜಿಗೆಲ್ಲ ಪರದೆ, ಒಳಗೆ ನಲವತ್ತು ಟ್ಯೂಬ್‌ಲೈಟು. ಬೆಳಕಿಂಡಿ ಅನ್ನುವ ಚೆಂದದ ಪದ ಹೇಗೆ ಉಳಿಯಬೇಕು ಹೇಳಿ?

ಇಲ್ಲಿ ನಲವತ್ತು ಟ್ಯೂಬ್‌ಲೈಟು ಉರಿಯುವಾಗ ಹಳ್ಳಿಯಲ್ಲಿ ನನ್ನ ಚಿಕ್ಕಪ್ಪನ ಮಗ ಕರೆಂಟಿಗೆ ಕಾಯುತ್ತಿರುತ್ತಾನೆ. ಅವನ ಪಂಪ್‌ಸೆಟ್ಟಿಗೆ ಎಷ್ಟೋ ದಿನ ತ್ರೀಫೇಸ್ ಬರುವುದು ನಡುರಾತ್ರಿ ದಾಟಿದ ಮೇಲೆ. ಬ್ಯಾಟರಿ ಹಿಡಿದು ಗದ್ದೆ ಬದುವಿನ ಮೇಲೆ ಹೋಗಿ ಮೋಟರ್ ಹಾಕಬೇಕು. ಕಳೆದ ಬೇಸಿಗೆಯಲ್ಲಿ ಸ್ಟಾರ್ಟರ್ ಡಬ್ಬಿಯ ಕೆಳಗೆ ನಾಗರಹಾವು ಮಲಗಿತ್ತು. ರೈತರು ಎಷ್ಟು ವರ್ಷದಿಂದ ಕೇಳುತ್ತಿದ್ದಾರೆ, "ಹಗಲು ಹೊತ್ತು ಕರೆಂಟ್ ಕೊಡಿ" ಅಂತ. ಈ ಮಾತಿನಲ್ಲಿ ಹಗಲು ತೆಗೆದು ಡೇಲೈಟ್ ಹಾಕಿ ನೋಡಿ, ಮೇಷ್ಟ್ರೇ. ಕೂರುತ್ತದಾ?

ಮಾರ್ಚ್‌ನಲ್ಲಿ "ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಮುಂದೆ" ಎಂದಷ್ಟೇ ಹಾಕುತ್ತೇವೆ. ಮಗಳ ಫೋನು ಮತ್ತೆ ಏಳಕ್ಕೇ ಬರುತ್ತದೆ, ಕಾಫಿ ಬೇಗ ಇಟ್ಟುಕೊಳ್ಳಿ. ನೀವು ಪತ್ರದ ಜೊತೆ ಕಳಿಸಿದ ಚಂದಾ ತಲುಪಿದೆ. ರಸೀದಿ ಬೇರೆ ಕವರಿನಲ್ಲಿ ಬರುತ್ತಿದೆ.

— ಸಂ.